ಟ್ರ್ಯಾಕಿನ ಕೊನೆಯ ಜಾಗ ಖಾಲಿ ಬಿಡಿಸಿ: ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಟ್ರ್ಯಾಕ್ಟರ್ ಎಳೆತದ ಸ್ಪರ್ಧೆಗೆಂದೇ ಶಾಶ್ವತ ಟ್ರ್ಯಾಕ್ ಕಟ್ಟಿಸಲು ನೀವು ಒಪ್ಪಿದ್ದೀರಿ. ಹಲವು ವರ್ಷ ಟ್ರ್ಯಾಕಿನ ಬದಿಯಲ್ಲಿ ಕೆಂಪು, ಹಸಿರು ಬಾವುಟ ಹಿಡಿದು ನಿಂತ ನನಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ. ಆದರೆ ನಕ್ಷೆ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಗಣ್ಯರ ವೇದಿಕೆಯನ್ನು ಅಂತಿಮ ಗೆರೆಯ ಆಚೆ, ಟ್ರ್ಯಾಕಿಗೆ ನೇರ ಎದುರಾಗಿ ಗುರುತು ಹಾಕಿದ್ದಾರೆ. ದಯವಿಟ್ಟು ಅದನ್ನು ಅಲ್ಲಿಂದ ತೆಗೆಸಿ.

ಸ್ಪರ್ಧೆಯ ಟ್ರ್ಯಾಕ್ಟರ್ ಎಳೆಯುವುದು ಸುಮ್ಮನೆ ಭಾರ ಹೇರಿದ ಟ್ರಾಲಿಯನ್ನಲ್ಲ, ಸ್ಲೆಡ್ ಎಂಬ ವಿಶೇಷ ಎಳೆಬಂಡಿಯನ್ನು. ಹೊರಡುವಾಗ ಅದರ ತೂಕದ ಪೆಟ್ಟಿಗೆ ಹಿಂದಿನ ಚಕ್ರಗಳ ಮೇಲಿರುತ್ತದೆ. ಸ್ಲೆಡ್ ಉರುಳಿದಂತೆ ಪೆಟ್ಟಿಗೆ ಮುಂದಕ್ಕೆ ಸರಿಯುತ್ತಾ ಬಂದು, ಮುಂಭಾಗದ ಉಕ್ಕಿನ ತಟ್ಟೆಯನ್ನು ನೆಲಕ್ಕೆ ಒತ್ತುತ್ತದೆ. ಯುರೋಪಿನಲ್ಲಿ 100 ಮೀಟರ್, ಅಮೆರಿಕದಲ್ಲಿ ಸಾಮಾನ್ಯವಾಗಿ 300 ಅಡಿ ಎಳೆದರೆ ಪೂರ್ತಿ ಎಳೆದಂತೆ. ಮುಂದೆ ಹೋದಷ್ಟೂ ಎಳೆತ ಬಿಗಿಯಾಗುವುದರಿಂದ ಎಂಜಿನ್, ಕೊಂಡಿ, ಸರಪಳಿಗಳಿಗೆ ನಿಜವಾದ ಪರೀಕ್ಷೆ ಕೊನೆಯ ಭಾಗದಲ್ಲೇ. ಅಲ್ಲಿ ಕೊಂಡಿ ಮುರಿದರೆ ಟ್ರ್ಯಾಕ್ಟರ್ ಹಗ್ಗ ಕಿತ್ತ ಹೋರಿಯಂತೆ ನುಗ್ಗುತ್ತದೆ. ಸ್ಲೆಡ್‌ಗೆ ಕಟ್ಟಿದ ತಂತಿ ಕಿಲ್ ಸ್ವಿಚ್ಚನ್ನು ಎಳೆದು ಎಂಜಿನ್ ಆರಿಸುತ್ತದೆ, ನಿಜ. ಆದರೆ ಎಂಜಿನ್ ಆರಿದ ಮಾತ್ರಕ್ಕೆ ಟನ್‌ಗಟ್ಟಲೆ ತೂಕ ನಿಂತಲ್ಲೇ ನಿಲ್ಲುವುದಿಲ್ಲ.

ಒಂದು ಸ್ಪರ್ಧೆಯಲ್ಲಿ ಹೀಗೆ ಕೊಂಡಿ ತುಂಡಾದ ಟ್ರ್ಯಾಕ್ಟರ್ ನನ್ನ ಕಣ್ಣೆದುರೇ ಗೆರೆ ದಾಟಿ ಹೋಯಿತು. ಆಚೆ ಉತ್ತು ಬಿಟ್ಟ ಸಡಿಲ ಮಣ್ಣಿತ್ತು, ಅದರಲ್ಲಿ ಹೂತು ನಿಂತಿತು. ಅಂದು ಯಾರಿಗೂ ಏನೂ ಆಗಲಿಲ್ಲ, ಏಕೆಂದರೆ ಅಲ್ಲಿ ಯಾರೂ ಇರಲಿಲ್ಲ.

2014ರ ಸೆಪ್ಟೆಂಬರ್ 28ರಂದು ನೆದರ್ಲೆಂಡ್ಸ್‌ನ ಹಾಕ್ಸ್‌ಬರ್ಗನ್ ಪಟ್ಟಣದಲ್ಲಿ ಮಾನ್ಸ್ಟರ್ ಟ್ರಕ್ ಒಂದು ಸಾಲು ಕಾರುಗಳನ್ನು ಹತ್ತಿ ಇಳಿದ ಮೇಲೆ ನಿಲ್ಲದೆ ಜನರ ಮೇಲೆ ನುಗ್ಗಿತು. ಮೂವರು ಸತ್ತರು, ಅವರಲ್ಲಿ ಮಗುವೂ ಇತ್ತು. ಅದು ಬೇರೆ ಬಗೆಯ ಪ್ರದರ್ಶನ, ಆದರೆ ತಪ್ಪು ಇದೇ: ವಾಹನ ಸಾಗುವ ದಿಕ್ಕಿನಲ್ಲೇ ಜನ ನಿಂತಿದ್ದರು. ತನಿಖಾ ಮಂಡಳಿ ಆಯೋಜಕರನ್ನಷ್ಟೇ ಅಲ್ಲ, ಪರವಾನಗಿ ಕೊಟ್ಟ ಪುರಸಭೆಯನ್ನೂ ಕಟುವಾಗಿ ಟೀಕಿಸಿತು. ಅಲ್ಲಿನ ಮೇಯರ್ ರಾಜೀನಾಮೆ ಕೊಟ್ಟರು. ನಿಮಗೆ ಈ ಪತ್ರ ಬರೆಯಲು ಮುಖ್ಯ ಕಾರಣ ಇದು. ನಕ್ಷೆಗೆ ಬೀಳುವ ಸಹಿಯಲ್ಲೇ ಅರ್ಧ ಸುರಕ್ಷತೆ ತೀರ್ಮಾನವಾಗಿಬಿಡುತ್ತದೆ.

ಗೆರೆಯ ಆಚೆ ಎಷ್ಟು ಜಾಗ ಬೇಕೆಂಬುದನ್ನು ಅತಿ ವೇಗದ ವರ್ಗದ ಟ್ರ್ಯಾಕ್ಟರನ್ನು ಗಮನದಲ್ಲಿಟ್ಟು ಎಂಜಿನಿಯರರು ಲೆಕ್ಕ ಹಾಕಲಿ. ನನ್ನನ್ನು ಕೇಳಿದರೆ ಟ್ರ್ಯಾಕಿನ ಅರ್ಧದಷ್ಟಕ್ಕಿಂತ ಕಡಿಮೆ ಬೇಡವೇ ಬೇಡ. ಸಡಿಲ ಮಣ್ಣು, ಅದರಾಚೆ ಎತ್ತರದ ಮಣ್ಣಿನ ದಿಬ್ಬ. ಅಂಗಡಿ, ಪಾರ್ಕಿಂಗ್, ಕಮಾನು ಏನೂ ಬರಬಾರದು. ಖಾಲಿ ಜಾಗ ಕಂಡರೆ ಏನಾದರೂ ಕಟ್ಟೋಣ ಅನ್ನುವವರು ಬಂದೇ ಬರುತ್ತಾರೆ. ಅದಕ್ಕೆ ಈಗಲೇ ದಾಖಲೆಯಲ್ಲಿ ಬರೆಸಿಡಿ.

ಪಕ್ಕಗಳ ಅಪಾಯ ಬೇರೆ ತರಹದ್ದು. ಕ್ಲಚ್ ಅಥವಾ ಎಂಜಿನ್ನಿನ ಭಾರದ ತಿರುಗುಚಕ್ರವಾದ ಫ್ಲೈವೀಲ್ ಸಿಡಿದರೆ ಚೂರುಗಳು ಅದು ತಿರುಗುವ ಸಮತಲದಲ್ಲಿ, ಎಂದರೆ ಟ್ರ್ಯಾಕ್ಟರಿನ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಹಾರುತ್ತವೆ. ಟ್ರ್ಯಾಕ್ಟರ್ ಚಲಿಸುತ್ತಲೇ ಇರುವುದರಿಂದ ಬದಿಯುದ್ದಕ್ಕೂ ಇಲ್ಲಿ ನಿಂತರೆ ಭಯವಿಲ್ಲ ಅನ್ನುವ ಜಾಗವೇ ಇಲ್ಲ. ಟ್ರ್ಯಾಕ್ಟರಿಗೆ ಉಕ್ಕಿನ ಕವಚ ಇರಲೇಬೇಕು. ಅದರ ಜೊತೆಗೆ ಎರಡೂ ಬದಿ ಕಾಂಕ್ರೀಟ್ ತಡೆಗೋಡೆ, ಸ್ವಲ್ಪ ದೂರ ಬಿಟ್ಟು ಬೇಲಿ, ಬೇಲಿಯ ಹಿಂದೆ ಜನ. ನಡುವಿನ ಆ ಪಟ್ಟಿಯಲ್ಲೇ ಆಂಬುಲೆನ್ಸ್, ಬೆಂಕಿ ಆರಿಸುವವರು ಓಡಾಡಲಿ. ಕೆಲವು ಸ್ಪರ್ಧಾ ಟ್ರ್ಯಾಕ್ಟರುಗಳಿಗೆ ಇಂಧನವಾಗಿ ಹಾಕುವ ಮೆಥನಾಲ್ ಹೊತ್ತಿಕೊಂಡರೆ ಹಗಲಿನಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಅದನ್ನು ಬಲ್ಲ ತರಬೇತಾದವರೇ ಅಲ್ಲಿರಬೇಕು.

ದೂರ ಕೂರಿಸಿದರೆ ಜನರಿಗೆ ಕಾಣುವುದಿಲ್ಲ ಎಂದು ನಿಮಗೆ ಹೇಳಿದ್ದಾರಂತೆ. ಕಾಣದಿರುವುದಕ್ಕೆ ಕಾರಣ ದೂರವಲ್ಲ, ತಗ್ಗು. ಸಮನೆಲದಲ್ಲಿ ನಿಂತವನಿಗೆ ಮುಂದಿನವನ ಬೆನ್ನು ಬಿಟ್ಟರೆ ಮತ್ತೇನು ಕಂಡೀತು? ಟ್ರ್ಯಾಕಿಗೆ ಜೇಡಿಮಣ್ಣು ತುಂಬಲು ಹೇಗೂ ನೆಲ ಅಗೆಯುತ್ತೀರಿ. ಆ ಮಣ್ಣನ್ನು ಹೊರಗೆ ಸಾಗಿಸದೆ ಬದಿಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಏರು ಕಟ್ಟಿಸಿ. ಕೊನೆಯ ಮೂರನೇ ಒಂದು ಭಾಗದ ಪಕ್ಕದಲ್ಲಿ ಅದು ಇನ್ನಷ್ಟು ಎತ್ತರವಿರಲಿ, ಏಕೆಂದರೆ ಮುಂದಿನ ಚಕ್ರಗಳು ಗಾಳಿಯಲ್ಲಿ ತೇಲಿ ಎಂಜಿನ್ ಏದುಸಿರು ಬಿಡುವ ಆ ಗಳಿಗೆ ನೋಡಲೆಂದೇ ಜನ ಬರುವುದು. ಇಳಿಬಿಸಿಲು ಬೆನ್ನಿಗಿರಲಿ, ಹೊಗೆ ಗಾಳಿಯ ಜೊತೆ ಆಚೆ ಹೋಗಲಿ. ಎರಡೂ ಒಟ್ಟಿಗೆ ಕೂಡದಿದ್ದರೆ ಗಾಳಿಗೇ ಮೊದಲ ಮಣೆ ಹಾಕಿ. ಬಿಸಿಲಿಗೆ ಚಪ್ಪರ ಹಾಕಬಹುದು, ಹೊಗೆಗೆ ಏನೂ ಮಾಡಲಾಗದು. ದೂರ ತೋರಿಸುವ ಫಲಕ ಎಲ್ಲರಿಗೂ ಕಾಣುವಂತಿರಲಿ, ಮಕ್ಕಳಿಗೆ ಕಿವಿ ಮುಚ್ಚುವ ಸಾಧನ ಬಾಗಿಲಲ್ಲೇ ಸಿಗಲಿ.

ಮಣ್ಣಿನ ಬಗ್ಗೆ ಒಂದೇ ಮಾತು. ಹದ ತಪ್ಪಿದ ಮಣ್ಣಿನಲ್ಲಿ ಸ್ಪರ್ಧೆಗೆ ಅರ್ಥವಿಲ್ಲ. ಒಣಗಿದರೆ ಧೂಳೆದ್ದು ಚಕ್ರ ಬರಿದೇ ಸುತ್ತುತ್ತದೆ, ನೀರು ಹೆಚ್ಚಾದರೆ ಕೆಸರು. ಮೊದಲು ಎಳೆದವನಿಗೂ ಕೊನೆಯವನಿಗೂ ಒಂದೇ ನೆಲ ಸಿಗಬೇಕಾದರೆ ಪ್ರತಿ ಎಳೆತದ ನಂತರ ಮಟ್ಟ ಮಾಡಿ ರೋಲರ್ ಓಡಿಸಬೇಕು. ಅದಕ್ಕೆ ಯಂತ್ರ, ನೀರು, ಆಳುಗಳ ಖರ್ಚನ್ನು ಅಂದಾಜಿನಲ್ಲಿ ಈಗಲೇ ಸೇರಿಸಿ.

ಶಂಕುಸ್ಥಾಪನೆಗೆ ಮೊದಲು ಒಂದು ಬೆಳಿಗ್ಗೆ ಎಂಜಿನಿಯರರನ್ನು ಕರೆದುಕೊಂಡು ಜಾಗಕ್ಕೆ ಬನ್ನಿ. ನಾನು ಸುಣ್ಣದ ಪುಡಿ ತಂದಿರುತ್ತೇನೆ. ಅಂತಿಮ ಗೆರೆ ಎಲ್ಲಿ, ಅದರಾಚೆ ಯಾರೂ ಕಾಲಿಡಬಾರದ ಜಾಗ ಎಲ್ಲಿಯವರೆಗೆ ಎಂಬುದನ್ನು ನಿಮ್ಮೆದುರೇ ನೆಲದ ಮೇಲೆ ಗುರುತು ಹಾಕಿ ತೋರಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಟ್ರ್ಯಾಕ್ ಬದಿಯ ಬಾವುಟದವನು