ಶಾಲು ಬೇಡ, ಸಂಭಾವನೆ ಕೊಡೋಣ: ಬಾಗಲಕೋಟೆಯ ಕಲಾವಿದರಿಗಾಗಿ ಒಂದು ಮನವಿ

ಬಾಗಲಕೋಟೆಯ ಎಲ್ಲ ಹಿರಿಯರಿಗೂ, ಅಣ್ಣ ತಮ್ಮಂದಿರಿಗೂ, ಅಕ್ಕ ತಂಗಿಯರಿಗೂ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ತಿಂಗಳಿಗೊಂದು ಶನಿವಾರ ರಾತ್ರಿ ನಮ್ಮ ಜಿಲ್ಲೆಯ, ಅಕ್ಕಪಕ್ಕದ ಜಿಲ್ಲೆಗಳ ಕಲಾವಿದರನ್ನು ಊರಿಗೆ ಕರೆಸಿ ಕಾರ್ಯಕ್ರಮ ಮಾಡಬೇಕು ಅಂತ ನಮ್ಮ ಟ್ರಸ್ಟು ತೀರ್ಮಾನಿಸಿದೆ. ಒಂದು ತಿಂಗಳು ಶ್ರೀಕೃಷ್ಣ ಪಾರಿಜಾತದ ಆಟ, ಒಂದು ತಿಂಗಳು ವಾದ ಹೂಡಿ ಹಾಡುವ ಗೀಗೀ ಪದ, ಆಮೇಲೆ ಕರಡಿ ಮಜಲಿನ ವಾದ್ಯಮೇಳ, ಸಣ್ಣಾಟ ಅನ್ನುವ ಜನಪದ ನಾಟಕ, ಭಜನಿ ಪದ, ಹಿಂದೂಸ್ತಾನಿ ಗಾಯನ, ಹೀಗೆ. ನೋಡಲಿಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂಡಬಹುದು. ಆದರೆ ಕಲಾವಿದರು ಪುಕ್ಕಟೆ ಆಡುವುದಿಲ್ಲ, ಆಡಬಾರದು ಕೂಡ. ಅವರಿಗೆ ಸರಿಯಾದ ಸಂಭಾವನೆ ಕೊಡಬೇಕು. ಅದಕ್ಕೆ ನಿಮ್ಮ ದುಡ್ಡು ಬೇಕು.

ಕಲೆ ಸಾಯುತ್ತಿದೆ, ಉಳಿಸಿಕೊಡಿ ಅಂತ ನಾವು ಕೇಳುತ್ತಿಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ನಾಟಕ ಕಂಪನಿಗಳ ಥಿಯೇಟರ್‌ಗಳು ಸಾಲಾಗಿ ನಿಂತಿರುತ್ತವೆ. ರಾತ್ರಿಯಿಡೀ ಆಟದ ಮೇಲೆ ಆಟ. ಜನ ದುಡ್ಡು ಕೊಟ್ಟು ಟಿಕೆಟ್ ತಗೊಂಡು ನೋಡುತ್ತಾರೆ. ನಮ್ಮ ಇಳಕಲ್ ಕಡೆಯ ಕಂದಗಲ್ಲಿನ ನಾಟಕಕಾರ ಹನುಮಂತರಾಯರ ಹೆಸರು ಇವತ್ತು ವಿಜಯಪುರದ ರಂಗಮಂದಿರಕ್ಕಿದೆ. ಅದಕ್ಕಿಂತ ದೊಡ್ಡ ಮಾತು ಅಂದರೆ ಅವರ ‘ರಕ್ತರಾತ್ರಿ’ ನಾಟಕವನ್ನು ಹಳ್ಳಿಗಳಲ್ಲಿ ಹೊಲದಲ್ಲಿ ದುಡಿಯುವ ಜನ ಬಾಯಿಪಾಠ ಮಾಡಿ ಆಡುತ್ತಾರೆ. ಹಳ್ಳಿಯಲ್ಲಿ ಆಟ ಇದೆ, ಜಾತ್ರೆಯಲ್ಲಿ ಇದೆ. ಇಲ್ಲದಿರುವುದು ನಮ್ಮ ಊರಿನ ಒಳಗೆ.

ಇದಕ್ಕೆ ಕಾರಣ ನಮಗೆಲ್ಲ ಗೊತ್ತಿರುವುದೇ. ಘಟಪ್ರಭೆಯ ದಂಡೆಯ ಹಳೆ ಊರಿಗೆ ಆಲಮಟ್ಟಿಯ ಹಿನ್ನೀರು ಬಂತು. ಮನೆಗಳು ಹೋದವು, ಓಣಿಗಳು ಹೋದವು, ಜನ ನವನಗರದ ಸೆಕ್ಟರ್‌ಗಳಿಗೆ ಎದ್ದು ಬಂದರು. ಈಗ ಊರು ಅಂದರೆ ಮೂರು ತುಂಡು: ಹಳೆ ಬಾಗಲಕೋಟೆ, ವಿದ್ಯಾಗಿರಿ, ನವನಗರ. ಪ್ಲಾಟು ಸಿಕ್ಕಿತು, ರಸ್ತೆ ಅಗಲ ಆಯಿತು, ಪರಿಹಾರದ ಬಗ್ಗೆ ಇವತ್ತಿಗೂ ಮಾತು ನಡೆಯುತ್ತದೆ. ಓಣಿಯ ಕಟ್ಟೆಗೆ ಮಾತ್ರ ಯಾರೂ ಪರಿಹಾರ ಕೇಳಲಿಲ್ಲ. ಆ ಕಟ್ಟೆಯ ಮೇಲೆ ಕೂತೇ ಹುಡುಗರು ಹಲಗಿ ವಾದ್ಯ ಕಲಿಯುತ್ತಿದ್ದರು, ಭಜನಿ ಪದದ ಪಲ್ಲವಿ ಹಿಡಿಯುತ್ತಿದ್ದರು. ಯಾರೂ ಪಾಠ ಅಂತ ಹೇಳಿಕೊಡುತ್ತಿರಲಿಲ್ಲ, ಕೇಳಿ ಕೇಳಿ ಬರುತ್ತಿತ್ತು. ಅಕ್ಕಪಕ್ಕ ಇದ್ದ ಮನೆಗಳು ಈಗ ಬೇರೆ ಬೇರೆ ಸೆಕ್ಟರ್‌ನಲ್ಲಿವೆ. ಹುಡುಗನ ಕಿವಿಗೆ ಬೀಳದ್ದು ಕೈಗೆ ಹೇಗೆ ಬರಬೇಕು?

ಹೋಳಿ ಬಂದಾಗ ನಮ್ಮ ಊರು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ, ಒಂದೊಂದು ಪೇಟೆಯ ಹಲಗಿ ಮೇಳ ಹೊರಬಿದ್ದಾಗ ನಿಂತಲ್ಲಿ ಕಾಲು ನಿಲ್ಲುವುದಿಲ್ಲ. ಬಣ್ಣದ ಬಂಡಿ, ಸೋಗಿನ ಬಂಡಿ ನೋಡಲಿಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದು ನಮ್ಮ ಊರಿನ ಹೆಮ್ಮೆ. ಆದರೆ ಆ ಐದು ದಿನ ಮುಗಿದ ಮೇಲೆ ಅಷ್ಟು ಚೆನ್ನಾಗಿ ಹಲಗಿ ಬಾರಿಸಿದವನು ಏನು ಮಾಡುತ್ತಾನೆ, ಅವನ ಮನೆ ಹೇಗೆ ನಡೆಯುತ್ತದೆ ಅಂತ ನಾವು ಕೇಳುವುದಿಲ್ಲ. ಹಬ್ಬಕ್ಕೆ ಕರೆಯುವುದು, ಮೆರವಣಿಗೆಗೆ ಕರೆಯುವುದು, ಮುಗಿದ ಮೇಲೆ ಕೈಗೆ ಬಂದಷ್ಟು ಕೊಟ್ಟು ಕಳಿಸುವುದು. ಇದು ಸರಿಯಲ್ಲ ಅಂತ ನಮಗೆ ಅನ್ನಿಸುತ್ತದೆ. ಬಾರಿಸುವುದಕ್ಕೆ ಮುಂಚೆಯೇ ಇಷ್ಟು ಕೊಡುತ್ತೇವೆ ಅಂತ ಮಾತಾಡಿ, ಅಷ್ಟನ್ನು ಆ ರಾತ್ರಿಯೇ ಕೊಡಬೇಕು.

ಪಾರಿಜಾತದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಮೊದಲ ಕಾರ್ಯಕ್ರಮ ಅದೇ ಆದ್ದರಿಂದ. ಅಪರಾಳ ತಮ್ಮಣ್ಣ ಬರೆದ ಈ ಆಟವನ್ನು ಗೋಕಾಕ ಕಡೆಯ ಕುಲಗೋಡ ತಮ್ಮಣ್ಣ ತಿದ್ದಿ ತೀಡಿ ಮೇಳಕ್ಕೆ ಹೊಂದಿಸಿದರು. ಅದೇ ಸೀಮೆಯ ಕೌಜಲಗಿ ನಿಂಗಮ್ಮ ಮೇಳ ಕಟ್ಟಿಕೊಂಡು ಊರೂರು ತಿರುಗಿ ಹೆಸರು ಮಾಡಿದರು. ಹೆಣ್ಣುಮಕ್ಕಳು ರಂಗದ ಮೇಲೆ ಬರುವುದೇ ಕಷ್ಟವಿದ್ದ ಕಾಲ ಅದು. ಕಥೆ ಸಣ್ಣದು. ನಾರದ ತಂದುಕೊಟ್ಟ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ, ಮುಂದಿನದೆಲ್ಲ ಅವಳ ಸಿಟ್ಟು, ಅಭಿಮಾನ, ಕೃಷ್ಣನ ಪಡಿಪಾಟಲು. ಒಂದೇ ಒಂದು ಹೂವಿನ ಮೇಲೆ ಬೆಳತನಕ ಆಟ ನಡೆಯುತ್ತದೆ ಅಂದರೆ ಅದರಲ್ಲಿ ಎಷ್ಟು ಹಾಡು, ಎಷ್ಟು ಮಾತಿನ ವರಸೆ ಇರಬೇಕು ಯೋಚನೆ ಮಾಡಿ. ಹಾರ್ಮೋನಿಯಂ, ತಬಲಾ, ತಾಳ ಇಷ್ಟಿದ್ದರೆ ಸಾಕು. ಹಿಂದೆ ನಿಂತವರು ಪದ ಎತ್ತಿಕೊಂಡ ಕೂಡಲೇ ಜನ ಮಾತು ನಿಲ್ಲಿಸುತ್ತಾರೆ. ದೂತಿ ಬಂದಳು ಅಂದರೆ ನಗು, ಗೊಲ್ಲತಿಗೂ ಕೃಷ್ಣನಿಗೂ ಜಟಾಪಟಿ ಶುರುವಾದರೆ ಇನ್ನೂ ನಗು. ಅಲ್ಲಿ ಬರೆದಿಟ್ಟ ಮಾತಿಗಿಂತ ಆ ರಾತ್ರಿ ಹುಟ್ಟುವ ಮಾತೇ ಜಾಸ್ತಿ, ಮುಂದೆ ಕೂತ ಜನರನ್ನು ನೋಡಿಯೇ ಹುಟ್ಟುವ ಮಾತು ಅದು. ಅದಕ್ಕೇ ಮೊಬೈಲಿನಲ್ಲಿ ನೋಡಿದರೆ ಅರ್ಧವೂ ಸಿಗುವುದಿಲ್ಲ.

ಗೀಗೀ ಪದದವರದ್ದೂ ಹಾಗೆಯೇ. ಹಾಡುವವರಲ್ಲಿ ಎರಡು ಪಂಗಡ: ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಅಂತ ತಿರುಗಿ ಹಾಡುತ್ತಾರೆ. ಈ ವಾದವನ್ನು ನಮ್ಮ ಕಾಲೇಜು ಹುಡುಗಿಯರು ಒಂದು ಸಲ ಎದುರಿಗೆ ಕೂತು ಕೇಳಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಇದರ ಜೊತೆಗೆ ಪ್ರತಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಎರಡು ತರಗತಿ: ಒಂದು ಹಲಗಿ, ಇನ್ನೊಂದು ಹಾರ್ಮೋನಿಯಂ ಮತ್ತು ಹಾಡು. ಎಲ್ಲ ಓಣಿಯ, ಎಲ್ಲ ಮನೆಯ ಮಕ್ಕಳೂ ಒಟ್ಟಿಗೆ ಕಲಿಯಬೇಕು, ಹೆಣ್ಣುಮಕ್ಕಳು ಹಲಗಿಯನ್ನೂ ಕಲಿಯಬೇಕು. ಇಲ್ಲೇ ಪಕ್ಕದ ಬೀಳಗಿಯಿಂದ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ, 1943ರ ‘ಕಿಸ್ಮತ್’ ಸಿನಿಮಾದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ಅವರ ಸಹೋದರಿ ಗೋಹರಬಾಯಿಯೂ ಮರಾಠಿ ರಂಗಭೂಮಿಯಲ್ಲಿ ಹೆಸರಾದವರು. ನಮ್ಮ ಮಕ್ಕಳಿಗೆ ಈ ಹೆಸರುಗಳೇ ಗೊತ್ತಿಲ್ಲ. ಹೇಳಿದರೆ ತಾನೇ ಗೊತ್ತಾಗುವುದು, ಅಲ್ವಾ?

ಈಗ ಲೆಕ್ಕ. ಪಾರಿಜಾತದ ಒಂದು ಮೇಳಕ್ಕೆ 30,000 ರೂಪಾಯಿ ಸಂಭಾವನೆ ಇಟ್ಟಿದ್ದೇವೆ. ಅವರನ್ನು ಕರೆತಂದು ವಾಪಸ್ ಬಿಡುವ ಟೆಂಪೊ ಬಾಡಿಗೆ, ಮೈಕು, ಲೈಟು, ಊಟ ಎಲ್ಲ ಸೇರಿ ಇನ್ನೂ 18,000. ಗೀಗೀ ಪದ, ಭಜನಿ ಮೇಳಗಳಲ್ಲಿ ಜನ ಕಡಿಮೆ, ಆದ್ದರಿಂದ ಖರ್ಚೂ ಕಡಿಮೆ. ವರ್ಷದ 12 ಕಾರ್ಯಕ್ರಮಕ್ಕೆ ಸುಮಾರು 4,50,000 ಆಗುತ್ತದೆ. ಭಾನುವಾರದ ತರಗತಿಗೆ ಇಬ್ಬರು ಗುರುಗಳಿಗೆ ತಿಂಗಳಿಗೆ ತಲಾ 6,000, ವರ್ಷಕ್ಕೆ 1,44,000. ಅಂದರೆ ಒಟ್ಟು 6 ಲಕ್ಷದ ಹತ್ತಿರ. ಟ್ರಸ್ಟಿನ ಸದಸ್ಯರೇ ಸೇರಿ 1,40,000 ಹಾಕಿದ್ದೇವೆ. ಉಳಿದದ್ದಕ್ಕೆ ನಿಮ್ಮ ಮುಂದೆ ಕೈ ಚಾಚಿದ್ದೇವೆ.

500 ಕೊಡಿ, 5,000 ಕೊಡಿ, ಸಂತೋಷ. ನಿಮ್ಮ ಓಣಿಯವರೋ, ಹಳೆ ಕ್ಲಾಸ್‌ಮೇಟ್‌ಗಳೋ ಕೂಡಿ ಒಂದು ರಾತ್ರಿಯ ಖರ್ಚು ಪೂರ್ತಿ ವಹಿಸಿಕೊಂಡರೆ ಇನ್ನೂ ಸಂತೋಷ. ಬೆಂಗಳೂರು, ಪುಣೆ ಕಡೆ ಕೆಲಸದಲ್ಲಿರುವ ನಮ್ಮ ಹುಡುಗರು ಹೋಳಿಗೆ ರಜೆ ಹಾಕಿ ಊರಿಗೆ ಓಡಿ ಬರುತ್ತೀರಿ, ನಿಮ್ಮನ್ನು ಸ್ವಲ್ಪ ಗಟ್ಟಿಯಾಗಿಯೇ ಕೇಳುತ್ತಿದ್ದೇವೆ. ದುಡ್ಡು ಕೊಡಲಿಕ್ಕೆ ಆಗದವರು ಬೇರೆ ಏನಾದರೂ ಕೊಡಿ. ಮನೆಯಲ್ಲಿ ಸುಮ್ನೆ ಬಿದ್ದಿರುವ ಹಾರ್ಮೋನಿಯಂ, ತಬಲಾ ಇದ್ದರೆ ರಿಪೇರಿ ನಾವು ಮಾಡಿಸಿಕೊಳ್ಳುತ್ತೇವೆ. ಮೇಳದವರಿಗೆ ಒಂದು ಹೊತ್ತಿನ ರೊಟ್ಟಿ ಊಟ ಮಾಡಿ ಕಳಿಸುತ್ತೇವೆ ಅಂತ ಆಗಲೇ ಕೆಲವು ಅಕ್ಕಂದಿರು ಮುಂದೆ ಬಂದಿದ್ದಾರೆ, ಅವರ ಜೊತೆ ನೀವೂ ಸೇರಬಹುದು.

ಈ ದುಡ್ಡಿನಲ್ಲಿ ಶಾಲು, ಹಾರ, ಫಲಕ, ದೊಡ್ಡ ಬ್ಯಾನರ್ ಯಾವುದಕ್ಕೂ ಒಂದು ರೂಪಾಯಿ ಹೋಗುವುದಿಲ್ಲ. ಉದ್ಘಾಟನೆಯ ಭಾಷಣ ಇರುವುದಿಲ್ಲ, ಯಾರೇ ಬಂದರೂ ಜನರ ಜೊತೆಗೇ ಕೂಡಬೇಕು. ಹಿರಿಯ ಕಲಾವಿದರ ಮನೆಗೆ ಹೋದರೆ ಟ್ರಂಕಿನ ತುಂಬ ಶಾಲು ತೋರಿಸುತ್ತಾರೆ, ಔಷಧಿಗೆ ದುಡ್ಡಿರುವುದಿಲ್ಲ. ಅದನ್ನು ನೋಡಿಯೇ ನಾವೆಲ್ಲ ಕೂಡಿ ಈ ನಿಯಮ ಮಾಡಿಕೊಂಡೆವು. ದೇಣಿಗೆ ಕೊಟ್ಟವರ ಹೆಸರು, ಮೊತ್ತ, ಕಲಾವಿದರಿಗೆ ಕೊಟ್ಟ ಹಣ ಎಲ್ಲವನ್ನೂ ಮೂರು ತಿಂಗಳಿಗೊಮ್ಮೆ ಬರೆದು ಕಚೇರಿಯ ಬಾಗಿಲಿಗೆ ಅಂಟಿಸುತ್ತೇವೆ. ಹೆಸರು ಬೇಡ ಅಂದವರದ್ದು ಹಾಕುವುದಿಲ್ಲ.

ವಿದ್ಯಾಗಿರಿಯ ನಮ್ಮ ಕಚೇರಿ ಸಂಜೆ 5ರಿಂದ 8ರ ತನಕ ತೆರೆದಿರುತ್ತದೆ. ನಗದು, ಚೆಕ್, ಫೋನ್‌ಪೇ ಯಾವುದಾದರೂ ಸರಿ, ಕೊಟ್ಟ ಕೂಡಲೇ ರಸೀದಿ ತಗೊಳ್ಳಿ. ತೆರಿಗೆ ವಿನಾಯಿತಿಗೆ ಅರ್ಜಿ ಹಾಕಿದ್ದೇವೆ, ಇನ್ನೂ ಮಂಜೂರಾಗಿಲ್ಲ, ಆದ್ದರಿಂದ ಅದನ್ನು ನಂಬಿಕೊಂಡು ಯಾರೂ ಕೊಡಬೇಡಿ.

ಮೊದಲ ಪಾರಿಜಾತ ಬರುವ ತಿಂಗಳ ಎರಡನೇ ಶನಿವಾರ, ನವನಗರದಲ್ಲಿ, ರಾತ್ರಿ 9ಕ್ಕೆ. ಜಾಗ ಎರಡು ದಿನದಲ್ಲಿ ತಿಳಿಸುತ್ತೇವೆ. ಹಳೆ ಊರಿನಿಂದ ಬರುವವರಿಗೆ ಹೋಗಿ ಬರಲಿಕ್ಕೆ ಒಂದು ಟೆಂಪೊ ಬಿಡುತ್ತೇವೆ, ವಯಸ್ಸಾದವರ ಹೆಸರು ಮೊದಲೇ ಬರೆಸಿಡಿ. ಮಕ್ಕಳನ್ನು ಕರೆದುಕೊಂಡೇ ಬನ್ನಿ.

ನಿಮ್ಮವ,
ಟ್ರಸ್ಟಿನ ಕಾರ್ಯದರ್ಶಿ, ಬಾಗಲಕೋಟೆ