ಭಾನುವಾರ ಕೊಟ್ಟಿಗೆ ಹೆಂಚು ಇಳಿಸೋದಿದೆ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ 7ಕ್ಕೆ ನಮ್ಮ ಹಳೇ ಕೊಟ್ಟಿಗೆಯ ಹೆಂಚು ಇಳಿಸುತ್ತೇವೆ, ಮುಯ್ಯಾಳಿಗೆ (ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಡುವ ಲೆಕ್ಕಕ್ಕೆ) ಮನೆಗೊಬ್ಬರು ಬನ್ನಿ. ತೋಟದ ಬದಿಯ ಪಕಾಸಿಗೆ (ಮಾಡು ಹೊರುವ ಇಳಿಜಾರು ಮರಕ್ಕೆ) ಗೆದ್ದಲು ಹಿಡಿದಿದೆ, ಬೆರಳಲ್ಲಿ ಒತ್ತಿದರೆ ಹಿಟ್ಟಿನ ಹಾಗೆ ಉದುರುತ್ತೆ, ಆ ಕಡೆ ಯಾರೂ ಹತ್ತಬೇಡಿ. ಹೆಂಚು ಎಸೆಯಬೇಡಿ, ಕೈಯಿಂದ ಕೈಗೆ ದಾಟಿಸಿ. ಕೆಲವದರ ಮೇಲೆ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಅಚ್ಚಿದೆ, ಮಂಗಳೂರಲ್ಲಿ ಅವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಪಾಚಿ ಉಜ್ಜಿ ಈ ಹಳೇ ಹೆಂಚನ್ನೇ ಮತ್ತೆ ಹೊದಿಸೋದು. ಸುಮ್ನೆ ತಗಡು ಹಾಕಿ ಅಂದವರಿಗೆ ಒಂದು ಮಾತು, ಬೇಸಿಗೆಯಲ್ಲಿ ದನ ಬೇಯುತ್ತವೆ ಅಲ್ವಾ?

ಹೊಸ ರೀಪಿಗೆ (ಹೆಂಚು ಕೂರುವ ಮರದ ಪಟ್ಟಿಗೆ) ಗೇರೆಣ್ಣೆ, ಅಂದ್ರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಯೋದು ಸೋಮವಾರ. ಏಣಿ, ಹಗ್ಗ ಇದ್ದವರು ತನ್ನಿ. ತಿಂಡಿಗೆ ಕಡುಬು ಮಾಡುತ್ತೇವೆ, ಎಷ್ಟು ಜನ ಬರ್ತೀರಿ ಅಂತ ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.