ತಡವಾಗಿ ಬಂದ ಮಗುವನ್ನು ಬಾಗಿಲಲ್ಲಿ ನಿಲ್ಲಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ಎರಡನೇ ತರಗತಿಯ ಮಗು ಶಾಲೆಗೆ ತಡವಾಗಿ ಬಂದರೆ ತಪ್ಪು ಯಾರದು? ಏಳು ವರ್ಷದ ಮಗು ಅಲಾರಂ ಇಟ್ಟುಕೊಳ್ಳುವುದಿಲ್ಲ, ಗಾಡಿ ಓಡಿಸುವುದಿಲ್ಲ. ರಾತ್ರಿ ಹನ್ನೊಂದರವರೆಗೆ ಮನೆಯಲ್ಲಿ ಟಿವಿ ಓಡುತ್ತಿದ್ದರೆ ಅದನ್ನು ಆರಿಸುವ ಅಧಿಕಾರವೂ ಅದಕ್ಕಿಲ್ಲ. ಆದರೂ ಮರುದಿನ ತರಗತಿಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುವುದು ಆ ಮಗುವೇ.

ನಾನು ಬಹಳ ವರ್ಷ ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ ಪಾಠ ಹೇಳಿದವಳು. ದಿನಾ ಶಾಲೆಗೆ ಬರುವುದು, ಹೊತ್ತಿಗೆ ಸರಿಯಾಗಿ ಬರುವುದು ಚಿಕ್ಕ ಮಕ್ಕಳಿಗೆ ಯಾಕೆ ಇಷ್ಟು ಮುಖ್ಯ ಎಂದು ಅವರ ತಂದೆತಾಯಿಗೆ ಹೇಳಬೇಕು ಎನಿಸಿ ಈ ಪತ್ರ ಬರೆಯುತ್ತಿದ್ದೇನೆ. ಶಿಕ್ಷಕರಿಗೂ ಒಂದು ಮಾತು ಹೇಳುವುದಿದೆ.

"ಚಿಕ್ಕ ಕ್ಲಾಸು ತಾನೆ, ಒಂದು ದಿನ ಹೋಗದಿದ್ದರೆ ಏನಾಯ್ತು?" ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೈಸ್ಕೂಲಿನ ಹುಡುಗ ಒಂದು ದಿನ ತಪ್ಪಿಸಿಕೊಂಡರೆ ಗೆಳೆಯನ ನೋಟ್ಸ್ ತಂದು ಓದಿಕೊಳ್ಳುತ್ತಾನೆ. ಓದುವುದನ್ನೇ ಇನ್ನೂ ಕಲಿಯುತ್ತಿರುವ ಮಗು ಯಾರ ನೋಟ್ಸ್ ಓದಬೇಕು? ಚಿಕ್ಕ ತರಗತಿಗಳಲ್ಲಿ ಪಾಠ ಪುಸ್ತಕದೊಳಗೆ ಇರುವುದು ಕಡಿಮೆ. ಟೀಚರ್ ಬಾಯಲ್ಲಿ, ಬೋರ್ಡಿನ ಮೇಲೆ, ಕಡ್ಡಿ ಎಣಿಸುವ ಬೆರಳಲ್ಲಿ, ಎಲ್ಲರೂ ಸೇರಿ ಹೇಳುವ ಮಗ್ಗಿಯಲ್ಲಿ ಇರುವುದೇ ಜಾಸ್ತಿ. ಅದನ್ನು ಚೀಲಕ್ಕೆ ಹಾಕಿ ಮನೆಗೆ ಕಳಿಸಲು ಆಗುವುದಿಲ್ಲ.

ಕಳೆಯುವ ಲೆಕ್ಕವನ್ನೇ ನೋಡಿ. ದಶಕ ಬಿಡಿಸಿ ಕಳೆಯುವುದನ್ನು ಕಲಿಸಲು ಎರಡು ಮೂರು ದಿನ ಬೇಕು. ಹತ್ತತ್ತು ಕಡ್ಡಿಗಳ ಕಟ್ಟು ಕಟ್ಟುತ್ತೇವೆ. ಒಂದು ಕಟ್ಟು ಬಿಚ್ಚಿ ಬಿಡಿ ಕಡ್ಡಿಗಳ ಜೊತೆ ಸೇರಿಸಿ ತೋರಿಸುತ್ತೇವೆ. ಆ ದಿನಗಳಲ್ಲಿ ಶಾಲೆಗೆ ಬರದ ಮಗುವಿಗೆ ಮುಂದಿನ ವಾರ 52ರಲ್ಲಿ 27 ಕಳೆ ಎಂದು ಕೊಡಿ. ಎಷ್ಟೋ ಸಲ 35 ಎಂದು ಬರೆಯುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದಿರುತ್ತದೆ. ಅದು ದಡ್ಡತನ ಅಲ್ಲ. ಗೊತ್ತಿಲ್ಲದ ಕಡೆ ಮಗು ತನಗೆ ತೋಚಿದ ದಾರಿ ಹಿಡಿದಿದೆ, ಅಷ್ಟೇ. ಯಾರೂ ಗಮನಿಸದಿದ್ದರೆ ಆ ದಾರಿಯೇ ಗಟ್ಟಿಯಾಗುತ್ತದೆ. ಮೂರಂಕಿ ಲೆಕ್ಕ ಬಂದಾಗ ಎಲ್ಲವೂ ತಪ್ಪುತ್ತದೆ. ಆಗ ಮನೆಯವರು "ಇವನ ತಲೆಗೆ ಲೆಕ್ಕ ಹತ್ತಲ್ಲ" ಎಂದು ತೀರ್ಮಾನ ಮಾಡಿಬಿಡುತ್ತಾರೆ. ಆ ಮೂರು ದಿನ ಮಗು ಎಲ್ಲಿತ್ತು ಎಂದು ಆಗ ಯಾರಿಗೂ ನೆನಪಿರುವುದಿಲ್ಲ.

ಒತ್ತಕ್ಷರದ ಕಥೆಯೂ ಇದೇ. ಆ ಪಾಠ ತಪ್ಪಿಸಿಕೊಂಡ ಮಗು 'ಅಕ್ಕ' ಎಂದಿರುವುದನ್ನು 'ಅಕ' ಎಂದು ಓದಿಕೊಂಡು ಮುಂದೆ ಹೋಗುತ್ತದೆ.

ತಿಂಗಳಿಗೆ ಎರಡು ದಿನ ರಜೆ ಎಂದರೆ ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ವರ್ಷಕ್ಕೆ 200 ದಿನ ಶಾಲೆ ನಡೆಯುತ್ತದೆ ಎಂದುಕೊಳ್ಳಿ. ಹತ್ತು ತಿಂಗಳಲ್ಲಿ 20 ದಿನ ಹೋಯಿತು, ಅಂದರೆ ಶೇ 10. ಅಮೆರಿಕ, ಇಂಗ್ಲೆಂಡಿನಲ್ಲಿ ಶೇ 10ರಷ್ಟು ದಿನ ಶಾಲೆ ತಪ್ಪಿಸಿಕೊಂಡ ಮಗುವನ್ನು ವಿಶೇಷ ಗಮನ ಬೇಕಾದ ಮಕ್ಕಳ ಲೆಕ್ಕಕ್ಕೆ ಸೇರಿಸುತ್ತಾರೆ. ಜ್ವರಕ್ಕೆ ಹಾಕಿದ ರಜೆಯೂ ಅದರಲ್ಲಿ ಸೇರುತ್ತದೆ. ಕಾರಣ ಏನೇ ಇರಲಿ, ಪಾಠ ತಪ್ಪಿದ್ದು ತಪ್ಪಿದ್ದೇ ಅಲ್ವಾ.

ಶಾಲೆಗಳೂ ಇಲ್ಲಿ ಎಡವುತ್ತವೆ. ತರಗತಿಯ ಸರಾಸರಿ ಹಾಜರಿ ಶೇ 95 ಇದೆ ಎಂದು ನೆಮ್ಮದಿಯಾಗಿ ಇರುತ್ತೇವೆ. ಲೆಕ್ಕ ಹಾಕಿ ನೋಡಿ. 30 ಮಕ್ಕಳು, 200 ದಿನ, ಒಟ್ಟು 6000 ಹಾಜರಿ. ಅದರಲ್ಲಿ ಶೇ 5 ಎಂದರೆ 300 ಗೈರುಹಾಜರಿ. ಹತ್ತು ಮಕ್ಕಳು ತಲಾ 20 ದಿನ, ಉಳಿದ ಇಪ್ಪತ್ತು ಮಕ್ಕಳು ತಲಾ 5 ದಿನ ಬರದಿದ್ದರೂ ಲೆಕ್ಕ ಅಷ್ಟೇ ಬರುತ್ತದೆ. ಅಂದರೆ ಶೇ 95 ಹಾಜರಿ ಇರುವ ತರಗತಿಯಲ್ಲೂ ಮೂರರಲ್ಲಿ ಒಂದು ಮಗು ಹಿಂದೆ ಬೀಳುತ್ತಿರಬಹುದು. ಸರಾಸರಿ ನೋಡಿ ಸುಮ್ನೆ ಇರಬಾರದು. ಹಾಜರಿ ಪುಸ್ತಕವನ್ನು ಒಂದೊಂದು ಹೆಸರಿನ ಸಾಲು ಹಿಡಿದು ಓದಬೇಕು.

ಇನ್ನು ತಡವಾಗಿ ಬರುವ ವಿಷಯ. ದಿನಾ 15 ನಿಮಿಷ ತಡ ಎಂದರೆ 200 ದಿನಕ್ಕೆ 50 ಗಂಟೆ. ದಿನಕ್ಕೆ ಐದು ಗಂಟೆ ಪಾಠ ಇದ್ದರೆ ಪೂರ್ತಿ ಹತ್ತು ದಿನದ ಶಾಲೆ ಹೋದಂತೆ. ಆದರೆ ಗಂಟೆಯ ಲೆಕ್ಕಕ್ಕಿಂತ ಆ 15 ನಿಮಿಷದಲ್ಲಿ ಏನು ನಡೆಯುತ್ತದೆ ಎನ್ನುವುದು ಮುಖ್ಯ. ಮಕ್ಕಳು ಚೀಲ ಇಟ್ಟು, ಪಕ್ಕದವರ ಜೊತೆ ಎರಡು ಮಾತಾಡಿ, ಮನೆಯ ಗುಂಗಿನಿಂದ ಹೊರಗೆ ಬರುವುದು ಆಗಲೇ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು, ಇವತ್ತು ಏನು ಮಾಡುತ್ತೇವೆ ಎಂದು ಟೀಚರ್ ಹೇಳುವುದೂ ಆಗಲೇ. ಅದಾದ ಮೇಲೆ ಬಂದ ಮಗುವಿಗೆ ಎಲ್ಲರೂ ಏನು ಮಾಡುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ. ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುತ್ತದೆ. ಗುಂಪು ಮಾಡಿ ಆಗಿರುತ್ತದೆ, ಇದಕ್ಕೆ ಜಾಗ ಇರುವುದಿಲ್ಲ. ತಿಂಗಳುಗಟ್ಟಲೆ ಹೀಗೇ ಆದರೆ ತಾನು ಈ ತರಗತಿಗೆ ಸೇರಿದವಳಲ್ಲ ಎಂದು ಆ ಮಗುವಿಗೆ ಅನ್ನಿಸತೊಡಗುತ್ತದೆ. ಅದು ಬಾಯಿ ಬಿಟ್ಟು ಹೇಳುವುದಿಲ್ಲ. ಬೆಳಿಗ್ಗೆ ಎದ್ದಾಗ ಹೊಟ್ಟೆನೋವು ಎನ್ನುತ್ತದೆ.

ಈಗ ನನ್ನ ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ತಡವಾಗಿ ಬಂದವರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಶಿಸ್ತು ಬರಲಿ ಎಂಬ ಆಸೆ. ಮೂರನೇ ತರಗತಿಯ ಒಬ್ಬ ಹುಡುಗ ವಾರಕ್ಕೆ ಮೂರು ನಾಲ್ಕು ಸಲ ಹಾಗೆ ನಿಲ್ಲುತ್ತಿದ್ದ. ಕೇಳಿದರೆ ಉತ್ತರ ಇಲ್ಲ. ಸುಮಾರು ಎರಡು ತಿಂಗಳಾದ ಮೇಲೆ ಅವನ ತಾಯಿ ಸಿಕ್ಕರು. ಅವರಿಗೆ ರಾತ್ರಿ ಪಾಳಿ ಕೆಲಸ. ಮನೆ ಸೇರುವ ಹೊತ್ತಿಗೆ ಶಾಲೆ ಶುರುವಾಗಿರುತ್ತಿತ್ತು. ಆ ಹುಡುಗನೇ ಎದ್ದು, ತಂಗಿಯ ಜಡೆ ಹಾಕಿ, ಅವಳನ್ನು ಅಂಗನವಾಡಿಗೆ ಬಿಟ್ಟು, ಆಮೇಲೆ ಓಡಿ ಬರುತ್ತಿದ್ದ. ಆ ವಯಸ್ಸಿಗೆ ಅವನು ಹೊತ್ತಿದ್ದ ಜವಾಬ್ದಾರಿಗೆ ನಾನು ಕೊಟ್ಟಿದ್ದು ಶಿಕ್ಷೆ. ಹೊರಗೆ ನಿಲ್ಲಿಸಿದ ಪ್ರತಿ ಹತ್ತು ನಿಮಿಷವನ್ನೂ ಅವನ ಪಾಠದಿಂದಲೇ ಕಿತ್ತುಕೊಂಡಿದ್ದೆ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ತಾಯಿಯ ಜೊತೆ ಕೂತು ಮಾತಾಡಿದ ಮೇಲೆ ದಾರಿ ಸಿಕ್ಕಿತು. ಪಕ್ಕದ ಮನೆಯವರು ತಂಗಿಯನ್ನು ಬಿಡಲು ಒಪ್ಪಿದರು. ಇಷ್ಟು ಸುಲಭದ ಕೆಲಸಕ್ಕೆ ನಾನು ಎರಡು ತಿಂಗಳು ತಡ ಮಾಡಿದ್ದೆ.

ಮಕ್ಕಳ ಹಕ್ಕುಗಳ ಕುರಿತು ವಿಶ್ವಸಂಸ್ಥೆ 1989ರಲ್ಲಿ ಮಾಡಿದ ಒಡಂಬಡಿಕೆಯ 28ನೇ ವಿಧಿಯಲ್ಲಿ, ಮಕ್ಕಳು ತಪ್ಪದೆ ಶಾಲೆಗೆ ಬರಲು ಸರ್ಕಾರಗಳು ಉತ್ತೇಜನ ಕೊಡಬೇಕು ಎಂದಿದೆ. ಶಾಲೆಯ ಶಿಸ್ತು ಮಗುವಿನ ಘನತೆಗೆ ಕುಂದು ತರಬಾರದು ಎಂಬ ಮಾತೂ ಅದೇ ವಿಧಿಯಲ್ಲಿದೆ. ಇವೆರಡನ್ನೂ ಒಂದೇ ಕಡೆ ಬರೆದಿರುವುದು ನನಗೆ ಬಹಳ ಸರಿ ಎನಿಸುತ್ತದೆ.

ಹಾಗಂತ ತಂದೆತಾಯಿಯ ಜವಾಬ್ದಾರಿ ಕಡಿಮೆಯಾಗುವುದಿಲ್ಲ. ಬೆಳಗಿನ ಗಡಿಬಿಡಿಯ ಬೇರು ಹಿಂದಿನ ರಾತ್ರಿಯಲ್ಲಿದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ತಜ್ಞ ವೈದ್ಯರು. ಆರೂವರೆಗೆ ಏಳಬೇಕಾದ ಮಗು ಒಂಬತ್ತಕ್ಕೆಲ್ಲ ಮಲಗಿರಬೇಕು. ಮನೆಯ ಉಳಿದವರು ಮೊಬೈಲ್ ಹಿಡಿದು ಕೂತರೆ ಅದು ಮಲಗುವುದಿಲ್ಲ. ಚೀಲ, ಬಟ್ಟೆ, ನೀರಿನ ಬಾಟಲಿ ರಾತ್ರಿಯೇ ಒಂದು ಕಡೆ ಇರಲಿ. ಜ್ವರ, ವಾಂತಿ, ಭೇದಿ ಇದ್ದರೆ ಖಂಡಿತ ಕಳಿಸಬೇಡಿ. ಸಣ್ಣ ನೆಗಡಿಗೆ, ನೆಂಟರು ಬಂದರು ಎಂಬ ಕಾರಣಕ್ಕೆ, ವಾರದ ಕೊನೆಗೆ ಇನ್ನೊಂದು ದಿನ ಸೇರಿಸಿಕೊಳ್ಳಲು ರಜೆ ಹಾಕಿಸಬೇಡಿ. ಬೆಳಿಗ್ಗೆ ಬರುವ ಹೊಟ್ಟೆನೋವು ರಜೆಯ ದಿನ ಕಾಣದಿದ್ದರೆ ಗದರಬೇಡಿ. ಶಾಲೆಯಲ್ಲಿ ಯಾರಾದರೂ ಹೆದರಿಸುತ್ತಿದ್ದಾರಾ, ಓದಲು ಬರುತ್ತಿಲ್ಲವಾ, ಬೋರ್ಡು ಕಾಣುತ್ತಿಲ್ಲವಾ ಎಂದು ಮೆತ್ತಗೆ ಕೇಳಿ.

ಶಿಕ್ಷಕ ಬಂಧುಗಳಿಗೆ ಒಂದು ವಿನಂತಿ. ನಾವು ಮೊದಲು ಹೊತ್ತಿಗೆ ಸರಿಯಾಗಿ ತರಗತಿಯಲ್ಲಿರಬೇಕು. ಮಗು ಬರದಿದ್ದರೆ ಆ ದಿನವೇ ಮನೆಗೆ ಒಂದು ಫೋನ್ ಮಾಡೋಣ, "ಯಾಕೆ ಕಳಿಸಲಿಲ್ಲ?" ಎನ್ನುವ ಬದಲು "ಮಗು ಹೇಗಿದೆ?" ಎಂದು ಮಾತು ಶುರು ಮಾಡೋಣ. ಪೂರ್ತಿ ಹಾಜರಿಗೆ ಬಹುಮಾನ ಕೊಡುವುದು ನನಗೆ ಒಪ್ಪಿಗೆಯಿಲ್ಲ, ಅದಕ್ಕಾಗಿ ಜ್ವರದಲ್ಲೇ ಬಂದು ಕೂತ ಮಕ್ಕಳನ್ನು ನೋಡಿದ್ದೇನೆ. ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದು, ಪುಸ್ತಕದ ಯಾವ ಪುಟ ಎಂದು ತೋರಿಸೋಣ. ಕಾರಣವನ್ನು ಆಮೇಲೆ, ಬೇರೆ ಮಕ್ಕಳು ಆಟಕ್ಕೆ ಹೋದಾಗ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಬಹುದು.

ಇಂತಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ